ಚಿನ್ನಿಗೆ ಟಾನಿಕ್ ಬೇಡ, ಥರ್ಮಾಮೀಟರ್ ತನ್ನಿ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಮನೆಯಲ್ಲಿ ಚಿನ್ನಿ ಅಂತ ಎರಡೂವರೆ ವರ್ಷದ ಬಿಳಿ ಪೊಮೇರಿಯನ್ ಇದೆ. ತೂಕ 8 ಕಿಲೋ. ಮಾರ್ಚ್ 9 ಮತ್ತು 11ರಂದು ಜೋಡಿ ಮಾಡಿಸಿದ್ದೆವು. ಈಗ 5 ವಾರ ಆಯಿತು, ಹೊಟ್ಟೆ ಕಾಣಿಸುತ್ತಿದೆ. ಮೊದಲನೇ ಸಲ ಮರಿ ಹಾಕುತ್ತಿದೆ. ದಿನಾ ಕ್ಯಾಲ್ಸಿಯಂ ಟಾನಿಕ್ ಹಾಕಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಬಾಣಂತಿಗೆ ಮಾಡುವ ಅಂಟಿನ ಉಂಡೆ ಕೊಡೋಣ ಅಂತ ಅತ್ತೆ ಹೇಳುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಹೇಗೆ ಅನ್ನೋದೇ ನನಗೆ ಭಯ. ಏನು ತಿನ್ನಿಸಬೇಕು, ಎಲ್ಲಿ ಮಲಗಿಸಬೇಕು, ರಾತ್ರಿ ಹೊತ್ತು ತೊಂದರೆಯಾದರೆ ಯಾವಾಗ ಡಾಕ್ಟರ್ ಹತ್ತಿರ ಓಡಬೇಕು? ಮರಿಗಳನ್ನು ತಿಂಗಳಿಗೇ ಕೊಡಿ ಅಂತ ಈಗಲೇ ಕೇಳುತ್ತಿದ್ದಾರೆ, ಕೊಡಬಹುದಾ?

ಉತ್ತರ: ಜೋಡಿಯಾದ ತಾರೀಕು ಬರೆದಿಟ್ಟುಕೊಂಡಿದ್ದೀರಲ್ಲ, ಅದು ತುಂಬಾ ಒಳ್ಳೆಯ ಕೆಲಸ. ಎಷ್ಟೋ ಜನ 'ಎರಡು ತಿಂಗಳಾಗಿರಬೇಕು ನೋಡ್ರಿ ಸರ್' ಅಂತಷ್ಟೇ ಹೇಳುತ್ತಾರೆ. ಆಗ ಮರಿ ತಡವಾಗಿದೆಯಾ, ಇನ್ನೂ ದಿನ ತುಂಬಿಲ್ವಾ ಅಂತ ನಮಗೂ ಗೊತ್ತಾಗುವುದಿಲ್ಲ.

ನಾಯಿ ಗಬ್ಬ ಇರುವುದು ಸುಮಾರು 63 ದಿನ. ಆದರೆ ಜೋಡಿಯಾದ ದಿನವೇ ಗಬ್ಬ ಕಟ್ಟುತ್ತದೆ ಅಂತಿಲ್ಲ. ಗಂಡಿನ ವೀರ್ಯಾಣು ಹೆಣ್ಣಿನ ಹೊಟ್ಟೆಯಲ್ಲಿ ಹಲವು ದಿನ ಜೀವ ಹಿಡಿದುಕೊಂಡಿರುತ್ತದೆ. ಹಾಗಾಗಿ ಜೋಡಿಯಾದ ದಿನದಿಂದ 58ರಿಂದ 68 ದಿನದ ಒಳಗೆ ಯಾವಾಗಾದರೂ ಈಯಬಹುದು. ನಿಮ್ಮ ಲೆಕ್ಕದಲ್ಲಿ ಅದು ಮೇ 6ರಿಂದ ಮೇ 18. ಮೇ 11ರಿಂದ 13ರ ಆಸುಪಾಸಿಗೆ ಹೆಚ್ಚು ಸಾಧ್ಯತೆ. ಗೋಡೆ ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಗುರುತು ಹಾಕಿ.

ಈ ವಾರವೇ ಒಂದು ಸ್ಕ್ಯಾನ್ ಮಾಡಿಸಿ. ಹೊಟ್ಟೆ ದಪ್ಪ ಆದದ್ದೆಲ್ಲ ಗಬ್ಬ ಅಲ್ಲ. ನಾಯಿಗೆ ಸುಳ್ಳು ಗಬ್ಬವೂ ಬರುತ್ತದೆ, ಗರ್ಭಕೋಶದಲ್ಲಿ ಕೀವು ತುಂಬಿಯೂ ಹೊಟ್ಟೆ ಬರುತ್ತದೆ. ಸ್ಕ್ಯಾನಿನಲ್ಲಿ ಮರಿಗಳ ಎದೆ ಬಡಿತ ಕಾಣುತ್ತದೆ, ಆದರೆ ಎಷ್ಟು ಮರಿ ಅನ್ನುವ ಲೆಕ್ಕಕ್ಕೆ ಅದನ್ನು ನಂಬಬೇಡಿ. ಲೆಕ್ಕ ಬೇಕಂದ್ರೆ 55 ದಿನ ದಾಟಿದ ಮೇಲೆ, ಅಂದರೆ ಮೇ 5ರ ನಂತರ, ಒಂದು ಎಕ್ಸ್-ರೇ ತೆಗೆಸಿ. ಅಷ್ಟೊತ್ತಿಗೆ ಮರಿಗಳ ಮೂಳೆ ಗಟ್ಟಿಯಾಗಿ ತಲೆ, ಬೆನ್ನು ಎಣಿಸುವಷ್ಟು ಸ್ಪಷ್ಟ ಇರುತ್ತವೆ. ಆ ಹಂತದಲ್ಲಿ ಒಂದು ಎಕ್ಸ್-ರೇಯಿಂದ ಮರಿಗೆ ತೊಂದರೆ ಇಲ್ಲ. ಇದನ್ನು ತಪ್ಪಿಸಬೇಡಿ. ರಾತ್ರಿ 2 ಗಂಟೆಗೆ 3 ಮರಿ ಹಾಕಿ ಚಿನ್ನಿ ಸುಮ್ನೆ ಮಲಗಿತು ಅಂದುಕೊಳ್ಳಿ. ಇರುವುದೇ 3 ಆದರೆ ನೀವೂ ಮಲಗಬಹುದು. 4 ಇದ್ದರೆ ಒಂದು ಇನ್ನೂ ಒಳಗಿದೆ. ಒಂದೇ ಮರಿ ಇದ್ದರೂ ಮೊದಲೇ ತಿಳಿಯಬೇಕು. ಒಂಟಿ ಮರಿ ಇದ್ದಾಗ ಬೇನೆ ಸರಿಯಾಗಿ ಶುರುವಾಗದೆ ದಿನ ಮೀರಿ, ಮರಿ ಒಳಗೇ ಸಾಯುವುದುಂಟು.

ಈಗ ಕ್ಯಾಲ್ಸಿಯಂ ವಿಷಯ. ಹಲವು ವರ್ಷದ ಹಿಂದೆ ನಾನು ಸಿಂಧನೂರು ಕಡೆ ಕೆಲಸದಲ್ಲಿದ್ದೆ. ಒಂದು ಮಧ್ಯಾಹ್ನ ಆಟೋದಲ್ಲಿ ಗೋಣಿಚೀಲದ ಮೇಲೆ ಒಂದು ಸಣ್ಣ ಬಿಳಿ ನಾಯಿಯನ್ನು ಮಲಗಿಸಿಕೊಂಡು ಬಂದರು. 5 ಮರಿ ಹಾಕಿ 15 ದಿನ ಆಗಿತ್ತು. ನಾಲ್ಕೂ ಕಾಲು ಕಟ್ಟಿಗೆಯ ಹಾಗೆ ಸೆಟೆದುಕೊಂಡಿದ್ದವು. ಮೈಯೆಲ್ಲ ನಡುಗುತ್ತಿತ್ತು, ಬಾಯಿ ಕಚ್ಚಿಕೊಂಡು ಜೊಲ್ಲು ಸುರಿಯುತ್ತಿತ್ತು, ಜ್ವರ 107 ಡಿಗ್ರಿ. ಬಿಸಿಲು ಬಡಿದಿದೆ ಅಂತ ಮನೆಯವರು ಎರಡು ತಾಸು ತಣ್ಣೀರು ಹಾಕುತ್ತಾ ಕೂತಿದ್ದರಂತೆ. ಕ್ಯಾಲ್ಸಿಯಂ ಅನ್ನು ನರಕ್ಕೆ ಹನಿ ಹನಿಯಾಗಿ ಬಿಟ್ಟೆ. ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಕೈಯಲ್ಲಿ ಅದರ ಎದೆಗೆ ಒತ್ತಿದ ಸ್ಟೆತಾಸ್ಕೋಪು. ಅವಸರ ಮಾಡಿದರೆ ಎದೆ ಬಡಿತವೇ ನಿಂತುಹೋಗುತ್ತದೆ. ಹತ್ತು ನಿಮಿಷಕ್ಕೆ ದವಡೆ ಸಡಿಲಾಯಿತು. ಅರ್ಧ ತಾಸಿಗೆ ಎದ್ದು ಕೂತಿತು. ಆಗ ಆ ಮನೆಯ ತಾಯಿ ಕೇಳಿದರು, 'ಗಬ್ಬ ಇದ್ದಾಗಿಂದ ದಿನಾ ಎರಡು ಚಮಚ ಟಾನಿಕ್ ಹಾಕೀನ್ರಿ ಸರ, ಆದ್ರೂ ಹಿಂಗ್ಯಾಕಾತು?'

ಆ ಟಾನಿಕ್ಕೇ ಒಂದು ಕಾರಣ ಅಂತ ಅವರಿಗೆ ಹೇಳಲು ನನಗೆ ಕಷ್ಟವಾಯಿತು. ಎಷ್ಟು ಪ್ರೀತಿಯಿಂದ ಹಾಕಿದ್ದರೋ ಏನೋ. ನಿಮ್ಮ ಕಡೆ ಕಾಲುವೆ ತೂಬು ನೋಡಿರುತ್ತೀರಲ್ಲ, ವರ್ಷಗಟ್ಟಲೆ ಎತ್ತದೆ ಬಿಟ್ಟರೆ ತುಕ್ಕು ಹಿಡಿದು ಬೇಕಾದಾಗ ಏಳುವುದಿಲ್ಲ. ಮೈಯಲ್ಲೂ ಹಾಗೆಯೇ ಒಂದು ಏರ್ಪಾಡು ಇದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಆದ ಕೂಡಲೇ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಅನ್ನುವ ಪುಟ್ಟ ಗ್ರಂಥಿಗಳು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ಕೊಡುತ್ತವೆ. ಗಬ್ಬದಲ್ಲಿ ದಿನಾ ಮೇಲಿಂದ ಸುರಿದರೆ ಆ ಗ್ರಂಥಿಗಳಿಗೆ ಕೆಲಸ ಇಲ್ಲದೆ ಮಂದ ಆಗುತ್ತವೆ. ಮರಿ ಹಾಕಿ ಎರಡು ಮೂರು ವಾರಕ್ಕೆ ಹಾಲು ಜೋರಾಗಿ ಇಳಿಯುವಾಗ ಒಮ್ಮೆಲೇ ಜಾಸ್ತಿ ಬೇಕಾಗುತ್ತದೆ. ಆಗ ತೂಬು ಏಳುವುದಿಲ್ಲ. ಟಾನಿಕ್ ಹಾಕದ ನಾಯಿಗೂ ಈ ಕಾಯಿಲೆ ಬರುತ್ತದೆ, ಅದರಲ್ಲೂ ಸಣ್ಣ ಜಾತಿಗೆ, ಮರಿ ಜಾಸ್ತಿ ಇದ್ದಾಗ. ಹಾಗಿರುವಾಗ ನಾವೇ ಅದಕ್ಕೆ ದಾರಿ ಮಾಡಿಕೊಡುವುದು ಬೇಡ. ಗಬ್ಬ ಮುಗಿಯುವವರೆಗೆ ಟಾನಿಕ್, ಮಾತ್ರೆ, ಸುಣ್ಣದ ನೀರು ಯಾವುದೂ ಬೇಡ. ಹಾಲೂಡಿಸುವಾಗ ಬೇಕಾದರೆ ಡಾಕ್ಟರ್ ನೋಡಿ ಬರೆದುಕೊಡುತ್ತಾರೆ.

ಬೇಕಾದ ಕ್ಯಾಲ್ಸಿಯಂ ಊಟದಲ್ಲೇ ಸರಿಯಾದ ಪ್ರಮಾಣದಲ್ಲಿ ಇರಬೇಕು. ನಮ್ಮ ಭತ್ತದ ಸೀಮೆಯಲ್ಲಿ ಮನೆ ನಾಯಿಗೆ ಅನ್ನ ಹಾಲು ಹಾಕುವುದೇ ರೂಢಿ. ಗಬ್ಬದ ನಾಯಿಗೆ ಅಷ್ಟು ಸಾಲದು. ಈಗಿನಿಂದ ಹತ್ತು ದಿನದಲ್ಲಿ ನಿಧಾನವಾಗಿ, ಈಗಿನ ಊಟಕ್ಕೆ ಬೆರೆಸುತ್ತಾ, ನಾಯಿಮರಿಗಳಿಗೆ ಅಂತ ಬರುವ ಒಳ್ಳೆಯ ಪಪ್ಪಿ ಫುಡ್‌ಗೆ ಬದಲಿಸಿ. ಗಬ್ಬಕ್ಕೂ ಹಾಲೂಡಿಸುವುದಕ್ಕೂ ಅದು ಸರಿಹೊಂದುತ್ತದೆ. ಜೊತೆಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ, ಸ್ವಲ್ಪ ಮೊಸರು ಕೊಡಬಹುದು. ಮೊಟ್ಟೆ ಉಷ್ಣ ಅಂತ ಹೆದರಬೇಡಿ. ಮೊದಲ 5 ವಾರ ಊಟ ಹೆಚ್ಚಿಸುವ ಅಗತ್ಯ ಇರಲಿಲ್ಲ, ಬೆಳೆಯುವುದೆಲ್ಲ ಇನ್ನು ಮುಂದೆ. 6ನೇ ವಾರದಿಂದ ಸ್ವಲ್ಪ ಸ್ವಲ್ಪ ಏರಿಸಿ, ಕೊನೆಯ ವಾರಕ್ಕೆ ಮಾಮೂಲಿಗಿಂತ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿ ಆದರೆ ಸಾಕು. ಗರ್ಭಕೋಶ ಜಠರವನ್ನು ಒತ್ತುವುದರಿಂದ ಒಂದೇ ಸಲ ತಿನ್ನಲಾಗುವುದಿಲ್ಲ, ದಿನಕ್ಕೆ 4 ಸಲ ಹಂಚಿ ಹಾಕಿ. ನಿಜವಾದ ಹಸಿವು ಬರುವುದು ಹಾಲೂಡಿಸುವಾಗ. ಮೂರನೇ ವಾರಕ್ಕೆ ಎರಡು ಮೂರು ಪಟ್ಟು ತಿನ್ನುತ್ತದೆ. ಆಗ ಕೈ ಬಿಗಿ ಹಿಡಿಯಬೇಡಿ.

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನಾಯಿಗೂ ಬಾಣಂತನ ಮಾಡುವ ಮನಸ್ಸು ದೊಡ್ಡದು. ಆದರೆ ಅಂಟಿನ ಉಂಡೆಯಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಕಿಡ್ನಿಗೆ ವಿಷ. ಸ್ವಲ್ಪವೇ ತಿಂದರೂ ಕೆಲವು ನಾಯಿಗಳ ಕಿಡ್ನಿ ಕೈಕೊಡುತ್ತದೆ. ಆ ಪ್ರಮಾಣದ ತುಪ್ಪ, ಬೆಲ್ಲ, ಕೊಬ್ಬರಿಯೂ ಭೇದಿ ತರಿಸುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರೂ ಬೇಡ. ಅತ್ತೆಯವರು ಕೋಳಿ ಬೇಯಿಸಿದ ಸಪ್ಪನೆ ನೀರಿನಲ್ಲಿ ಅನ್ನ ಕಲಸಿ ಕೊಟ್ಟರೆ ಚಿನ್ನಿಗೆ ಅದೇ ಅಂಟಿನ ಉಂಡೆ.

ಔಷಧಿಯಲ್ಲಿ ಒಂದೇ ಎಚ್ಚರಿಕೆ. ಏನೇ ಕೊಡಿಸಿದರೂ 'ಇದು ಗಬ್ಬ ಇದೆ' ಅಂತ ಮೊದಲು ಹೇಳಿ. ಬೇಸಿಗೆಯಲ್ಲಿ ಉಣ್ಣಿ ಜಾಸ್ತಿ, ಉಣ್ಣಿ ಜ್ವರಕ್ಕೆ ಎಲ್ಲರೂ ಬಳಸುವ ಡಾಕ್ಸಿಸೈಕ್ಲಿನ್ ಗಬ್ಬದಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಉಣ್ಣಿಗೆ ಅಂತ ಅಂಗಡಿಯಲ್ಲಿ ಸಿಗುವ ಅಮಿಟ್ರಾಜ್ ಔಷಧಿಯಲ್ಲಿ ಸ್ನಾನ ಮಾಡಿಸಬೇಡಿ. ಜಂತುಹುಳಕ್ಕೆ ಗಬ್ಬದಲ್ಲೂ ಕೊಡಬಹುದಾದ ಔಷಧಿ ಇದೆ, ಸ್ಕ್ಯಾನ್ ಮಾಡಿಸುವಾಗಲೇ ಕೇಳಿ. ಲಸಿಕೆ ಬಾಕಿ ಇದ್ದರೆ ಈಗ ಬೇಡ, ಮರಿ ಹಾಕಿದ ಮೇಲೆ ನೋಡೋಣ.

ಜಾಗ ಮತ್ತು ಬಿಸಿಲು. ನೀವು ಹೆದರಿದ್ದು ಸರಿಯೇ. ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ ಯಾವ ಕಡೆ ಹೋದರೂ 40 ಡಿಗ್ರಿ ದಾಟುತ್ತದೆ. ಮೇಲೆ ಆರ್‌ಸಿಸಿ ಕಾದಿರುವ, ಪಶ್ಚಿಮದ ಬಿಸಿಲು ಬೀಳುವ ಕೋಣೆ ಬೇಡ. ಕೆಳಗಿನ ಮನೆಯಲ್ಲಿ, ಜನ ಓಡಾಡದ ಒಂದು ಮೂಲೆ ಸಾಕು. ಏಪ್ರಿಲ್ ಕೊನೆಗೇ ಅಲ್ಲಿ ಪೆಟ್ಟಿಗೆ ಇಟ್ಟು ರೂಢಿ ಮಾಡಿಸಿ, ಇಲ್ಲದಿದ್ದರೆ ಚಿನ್ನಿ ನಿಮ್ಮ ಮಂಚದ ಕೆಳಗೆ ಜಾಗ ಹುಡುಕಿಕೊಳ್ಳುತ್ತದೆ. 3 ಅಡಿ ಉದ್ದ, ಎರಡೂವರೆ ಅಡಿ ಅಗಲದ ಕಟ್ಟಿಗೆ ಪೆಟ್ಟಿಗೆ ಸಾಕು. ಬಾಗಿಲ ಕಡೆ ನಾಲ್ಕು ಬೆರಳು ಎತ್ತರ ಇರಲಿ, ತಾಯಿ ದಾಟಬೇಕು, ಮರಿ ದಾಟಬಾರದು. ಪಕ್ಕದಲ್ಲಿ ಬರಿಯ ಕಡಪಾ ಕಲ್ಲಿನ ನೆಲ ಬಿಡಿ. ಸೆಖೆ ಆದಾಗ ತಾಯಿ ಎದ್ದು ಬಂದು ಅಲ್ಲಿ ಹೊಟ್ಟೆ ಚಾಚಿ ಮಲಗುತ್ತದೆ.

ಹಾಸಿಗೆಗೆ ಕೌದಿ ಹಾಸಬೇಡಿ. ಮೆತ್ತಗಿರುತ್ತದೆ ಅಂತ ನಮ್ಮವರೆಲ್ಲ ಅದನ್ನೇ ಹಾಸುತ್ತಾರೆ. ಒಮ್ಮೆ ಒಂದು ಮನೆಯಲ್ಲಿ, ಒಂದು ಮರಿ ಕಾಣುತ್ತಿಲ್ಲ, ತಾಯಿಯೇ ತಿಂದಿರಬೇಕು ಅಂದರು. ನಾನು ಕೌದಿ ಎತ್ತಿ ನೋಡಿದೆ. ಮಡಿಕೆಯ ಒಳಗೆ ಮರಿ ಸಿಕ್ಕಿಹಾಕಿಕೊಂಡಿತ್ತು, ಕಿತ್ತುಬಂದ ಹೊಲಿಗೆಯ ದಾರ ಕಾಲಿಗೆ ಸುತ್ತಿತ್ತು. ತಾಯಿ ಅದರ ಮೇಲೇ ಮಲಗಿತ್ತು. ದಪ್ಪಗೆ ನ್ಯೂಸ್ ಪೇಪರ್ ಹಾಕಿ, ಅದರ ಮೇಲೆ ಹಳೆ ಕಾಟನ್ ಸೀರೆಯನ್ನು ಎಳೆದು ಬಿಗಿಯಾಗಿ ಅಂಚು ಸಿಕ್ಕಿಸಿ. ಒದ್ದೆ ಆದಾಗ ಬದಲಿಸಿ. ನೆಲಕ್ಕೆ ಫಿನೈಲ್ ಬೇಡ, ಸೋಪಿನ ನೀರು ಸಾಕು. ಕೆಂಪಿರುವೆ ಬಗ್ಗೆ ಎಚ್ಚರ. ಮಾಸಿನ ವಾಸನೆಗೆ ಬಂದು ಕಣ್ಣು ಬಿಡದ ಮರಿಗಳನ್ನು ಕಚ್ಚಿ ಸಾಯಿಸುತ್ತವೆ. ಪೆಟ್ಟಿಗೆಗೆ ನಾಲ್ಕು ಕಾಲು ಹೊಡೆಸಿ, ಒಂದೊಂದರ ಕೆಳಗೂ ನೀರು ತುಂಬಿದ ಚಿಕ್ಕ ಬಟ್ಟಲು ಇಡಿ. ಇರುವೆ ಸೀಮೆಸುಣ್ಣ ಪೆಟ್ಟಿಗೆಯ ಹತ್ತಿರ ಎಳೆಯಬೇಡಿ.

ಮರಿಗೆ ಚಳಿ, ತಾಯಿಗೆ ಸೆಖೆ. ಇದೇ ಕಷ್ಟ. ಮೊದಲ ವಾರ ಮರಿ ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಪುಸ್ತಕ ನೋಡಿ ಬಲ್ಬ್ ಹಾಕುವವರಿದ್ದಾರೆ. ಮೇ ತಿಂಗಳ ಹಗಲಲ್ಲಿ ನಮ್ಮಲ್ಲಿ ಬಲ್ಬ್ ಹಾಕಿದರೆ ಮರಿ ಬೆಂದುಹೋಗುತ್ತದೆ. ಕಿಟಕಿಗೆ ಒದ್ದೆ ಪರದೆ ಕಟ್ಟಿ, ಫ್ಯಾನು ಅಥವಾ ಕೂಲರ್ ಗಾಳಿಯನ್ನು ಗೋಡೆ ಕಡೆ ತಿರುಗಿಸಿ. ತಪ್ಪಾಗುವುದು ಹೆಚ್ಚಾಗಿ ಬೆಳಗಿನ ಜಾವ. ಸಂಜೆ ಗುಡುಗಿ ಒಂದು ಮಳೆ ಬಂದು ಹೋಗಿರುತ್ತದೆ, 4 ಗಂಟೆಗೆ ಹವಾ ತಣ್ಣಗಾಗಿರುತ್ತದೆ, ಕೂಲರ್ ಇನ್ನೂ ಓಡುತ್ತಿರುತ್ತದೆ, ತಾಯಿ ಎದ್ದು ಕಲ್ಲಿನ ಮೇಲೆ ಮಲಗಿರುತ್ತದೆ. ಮರಿಗೆ ನಡುಗಿ ಬೆಚ್ಚಗಾಗುವ ಶಕ್ತಿಯೂ ಮೊದಲ ವಾರ ಇರುವುದಿಲ್ಲ. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಕುಂಯ್ ಅನ್ನುತ್ತಿದ್ದರೆ ಚಳಿ. ದೂರ ದೂರ ಬಿದ್ದು ಅಳುತ್ತಿದ್ದರೆ ಸೆಖೆ. ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ, ಅದಕ್ಕೆ ಜೀರ್ಣವಾಗುವುದಿಲ್ಲ. ಮೊದಲು ನಿಮ್ಮ ಎದೆಗೆ ಒತ್ತಿ ಹಿಡಿದು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಮೊಲೆಗೆ ಬಿಡಿ.

ಈಗ ಥರ್ಮಾಮೀಟರ್. ಮೇ 4ರಿಂದ ದಿನಕ್ಕೆ ಎರಡು ಸಲ ಚಿನ್ನಿಯ ಗುದದ್ವಾರದಲ್ಲಿ ಜ್ವರ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತುದಿಗೆ ಒಂಚೂರು ವ್ಯಾಸಲೀನ್ ಹಚ್ಚಿದರೆ ಸಾಕು, ಎರಡು ದಿನಕ್ಕೆ ಅದಕ್ಕೂ ರೂಢಿಯಾಗುತ್ತದೆ. ನಾಯಿಗೆ 101, 102 ಫ್ಯಾರನ್‌ಹೀಟ್ ಸಹಜ. ಗಬ್ಬದ ಕೊನೆಗೆ ಸ್ವಲ್ಪ ಕಡಿಮೆ ಇರಬಹುದು. ಅದು ಒಮ್ಮೆಲೇ 99ಕ್ಕಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಬೇನೆ ಶುರು. ನಮ್ಮ ಕಡೆಗೆ ಮಾತ್ರ ಹೇಳಬೇಕಾದ ಒಂದು ಮಾತಿದೆ. ಮೇ ಮಧ್ಯಾಹ್ನ ಕೋಣೆಯೇ 104 ಫ್ಯಾರನ್‌ಹೀಟ್ ಇರುತ್ತದೆ. ಥರ್ಮಾಮೀಟರ್ ತಾನು ಮುಟ್ಟಿದ ಅತಿ ಹೆಚ್ಚಿನ ಅಂಕಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಆಗ ಅದು ತೋರಿಸುವುದು ನಾಯಿಯದ್ದಲ್ಲ, ಕೋಣೆಯದ್ದು. ಅದಕ್ಕೇ ಬೆಳಿಗ್ಗೆ 6ಕ್ಕೆ, ರಾತ್ರಿ 9ಕ್ಕೆ ನೋಡಿ. ಹಾಕುವ ಮುಂಚೆ ತುದಿಯನ್ನು ಮಡಕೆ ನೀರಿನಲ್ಲಿ ಅದ್ದಿ ಒರೆಸಿ. ಗಾಜಿನದು ಬೇಡ, ಡಿಜಿಟಲ್ ತನ್ನಿ.

ಅಷ್ಟರೊಳಗೆ ಇವನ್ನೂ ಒಂದು ಡಬ್ಬಿಯಲ್ಲಿ ಕೂಡಿಸಿಡಿ: ಹತ್ತು ಸ್ವಚ್ಛ ಬಟ್ಟೆ, ಕುದಿಸಿದ ದಾರ, ಕತ್ತರಿ, ಪೊವಿಡೋನ್ ಅಯೋಡಿನ್, ಅಡುಗೆ ಮನೆಯ ಡಿಜಿಟಲ್ ತಕ್ಕಡಿ, ಕರೆಂಟ್ ಹೋದರೆ ಅಂತ ಚಾರ್ಜ್ ಮಾಡಿದ ಟಾರ್ಚ್. ಮೊಲೆಯ ಸುತ್ತ, ಹಿಂಭಾಗದ ಉದ್ದ ಕೂದಲು ಕತ್ತರಿಸಿ. ಮೈಯೆಲ್ಲ ಬೋಳಿಸಬೇಡಿ.

ಬೇನೆ ಶುರುವಾದಾಗ ಊಟ ಬಿಡುತ್ತದೆ, ತೇಕುತ್ತದೆ, ಹಾಸಿಗೆ ಕೆರೆಯುತ್ತದೆ. ಇದು 6ರಿಂದ 12 ತಾಸು, ಮೊದಲ ಸಲದ ನಾಯಿಗೆ 24 ತಾಸಿನವರೆಗೂ ನಡೆಯಬಹುದು. ನೀವು ಒಬ್ಬರೇ ಹತ್ತಿರ ಕೂತಿರಿ, ಬೆಳಕು ಮಂದ ಇರಲಿ. ಆಮೇಲೆ ಮುಕ್ಕುವುದು, ಅಂದರೆ ಮರಿ ಹೊರಗೆ ಹಾಕಲು ತಿಣುಕುವುದು, ಶುರುವಾಗುತ್ತದೆ. ಆಗಿನಿಂದ ಗಡಿಯಾರ ನೋಡಬೇಕು. ಜೋರಾಗಿ ಮುಕ್ಕುತ್ತಾ ಅರ್ಧ ತಾಸಾದರೂ ಮರಿ ಬರಲಿಲ್ಲ, ಹೊರಡಿ. ಒಂದು ಮರಿ ಆದ ಮೇಲೆ ಇನ್ನೂ ಇವೆ ಅಂತ ಗೊತ್ತಿದ್ದೂ 2 ತಾಸು ಕಳೆಯಿತು, ಹೊರಡಿ. ಮೊದಲ ಮರಿಗೆ ಮುಂಚೆಯೇ ಕಡುಹಸಿರು ದ್ರವ ಬಂದು ಮರಿ ಕಾಣಲಿಲ್ಲ, ಹೊರಡಿ. ಆ ಹಸಿರು ಅಂದರೆ ಮಾಸು ಬಿಟ್ಟುಕೊಂಡಿದೆ, ಒಳಗಿನ ಮರಿಗೆ ಉಸಿರು ಸಿಗುತ್ತಿಲ್ಲ ಅಂತ. ಮೊದಲ ಮರಿ ಆದ ಮೇಲೆ ಬರುವ ಹಸಿರು ಸಹಜ. 99ಕ್ಕಿಂತ ಇಳಿದು ಒಂದು ದಿನ ಆದರೂ ಏನೂ ಶುರುವಾಗದಿದ್ದರೂ, ಮೇ 18 ದಾಟಿದರೂ ತೋರಿಸಿ.

ಹೊರಡುವುದು ಎಲ್ಲಿಗೆ ಅಂತ ಈಗಲೇ ಗೊತ್ತಿರಬೇಕು. ಗಂಗಾವತಿ, ಕೊಪ್ಪಳ, ಬಳ್ಳಾರಿಯಲ್ಲಿ ರಾತ್ರಿ ನಾಯಿಗೆ ಸಿಸೇರಿಯನ್ ಮಾಡುವವರು ಯಾರಿದ್ದಾರೆ ಅಂತ ಸ್ಕ್ಯಾನಿಗೆ ಹೋದ ದಿನವೇ ಕೇಳಿ, ಎರಡು ನಂಬರ್ ಬರೆದುಕೊಳ್ಳಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962 ಕೂಡ ಇದೆ. ಗಾಡಿಯವರಿಗೆ ಮೊದಲೇ ಹೇಳಿಡಿ. 'ಒಂದು ಇಂಜೆಕ್ಷನ್ ಹಾಕಿದರೆ ಮರಿ ಬಿದ್ದುಹೋಗುತ್ತದೆ' ಅಂತ ಯಾರಾದರೂ ಎಮ್ಮೆಗೆ ಹಾಕುವ ಆಕ್ಸಿಟೋಸಿನ್ ತಂದರೆ ದಯವಿಟ್ಟು ತಡೆಯಿರಿ. ಮರಿ ಅಡ್ಡ ಸಿಕ್ಕಿದ್ದಾಗ ಅದನ್ನು ಹಾಕಿದರೆ ಗರ್ಭಕೋಶ ಹರಿದುಹೋಗಬಹುದು. ಹಾಗೆ ಹರಿದ ಒಂದು ನಾಯಿಯ ಹೊಟ್ಟೆಯನ್ನು ನಾನು ತೆರೆದಿದ್ದೇನೆ. ಉಳಿಸಿಕೊಳ್ಳಲಾಗಲಿಲ್ಲ.

ಮರಿ ಬಂದ ಕೂಡಲೇ ತಾಯಿ ಪೊರೆ ಹರಿದು ನೆಕ್ಕುತ್ತದೆ. ಮೊದಲ ಸಲದ ತಾಯಿ ಕೆಲವೊಮ್ಮೆ ಗಾಬರಿಯಾಗಿ ನೋಡುತ್ತಾ ನಿಲ್ಲುತ್ತದೆ. ಅರ್ಧ ನಿಮಿಷ ಕಾದು ನೀವೇ ಮೂಗು ಬಾಯಿ ಮೇಲಿನ ಪೊರೆ ತೆಗೆಯಿರಿ, ತಲೆ ಕೆಳಗೆ ಮಾಡಿ ಬಾಯಿ ಒರೆಸಿ, ಒಣ ಬಟ್ಟೆಯಿಂದ ಬೆನ್ನು ಎದೆ ಜೋರಾಗಿ ಉಜ್ಜಿ. ಕಾಲು ಹಿಡಿದು ಬೀಸಬೇಡಿ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಒಂದು ಬೆರಳಗಲ ಬಿಟ್ಟು ದಾರ ಕಟ್ಟಿ ಕತ್ತರಿಸಿ, ಅಯೋಡಿನ್ ಹಚ್ಚಿ. ಎಷ್ಟು ಮಾಸು ಬಿತ್ತು ಎಣಿಸಿ. ಒಂದೆರಡನ್ನು ತಾಯಿ ತಿಂದರೆ ಪರವಾಗಿಲ್ಲ. ಎಲ್ಲ ಮರಿಯೂ ಕೆಲವೇ ತಾಸಿನೊಳಗೆ ಗಿಣ್ಣುಹಾಲು ಕುಡಿಯಲೇಬೇಕು, ಒಂದು ದಿನ ಕಳೆದರೆ ಅದರ ರೋಗ ತಡೆಯುವ ಶಕ್ತಿ ಮರಿಯ ರಕ್ತಕ್ಕೆ ಸೇರುವುದಿಲ್ಲ.

ಆಮೇಲಿನ ಎರಡು ವಾರ ತಕ್ಕಡಿಯೇ ನಿಮಗೆ ಡಾಕ್ಟರ್. ದಿನಾ ಅದೇ ಹೊತ್ತಿಗೆ ತೂಗಿ ಬರೆಯಿರಿ. ಇಂಥ ಮರಿ ಹುಟ್ಟುವಾಗ ಸಾಮಾನ್ಯವಾಗಿ 100ರಿಂದ 200 ಗ್ರಾಂ ಇರುತ್ತದೆ, ಹತ್ತು ದಿನಕ್ಕೆ ಎರಡರಷ್ಟಾಗಬೇಕು. ಎಲ್ಲವೂ ಬಿಳಿ ಆದರೆ ಗುರುತಿಗೆ ಬೆನ್ನಿನ ಬೇರೆ ಬೇರೆ ಕಡೆ ಒಂಚೂರು ಕೂದಲು ಕತ್ತರಿಸಿ, ಕುತ್ತಿಗೆಗೆ ದಾರ ಕಟ್ಟಬೇಡಿ. ಮೊದಲ ದಿನ ಸ್ವಲ್ಪ ಇಳಿಯಬಹುದು, ಆಮೇಲೂ ಏರದ ಮರಿಯನ್ನು ಆ ದಿನವೇ ತೋರಿಸಿ. ಹಾಲು ಸಾಲದಿದ್ದರೆ ಹಸುವಿನ ಹಾಲು ತುಂಬಾ ತೆಳು, ನಾಯಿ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಅದರ ಎರಡರಷ್ಟಕ್ಕಿಂತ ಜಾಸ್ತಿ. ಮರಿಗೆ ಅಂತಲೇ ಬರುವ ಹಾಲಿನ ಪುಡಿ ತನ್ನಿ, ಅಂಗಾತ ಮಲಗಿಸದೆ ಹೊಟ್ಟೆ ಮೇಲೆ ಮಲಗಿಸಿ ಕುಡಿಸಿ.

ಚಿನ್ನಿಯನ್ನು ಮಾತ್ರ ಒಂದು ತಿಂಗಳು ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಮೇ ತಿಂಗಳಲ್ಲಿ ಎಲ್ಲ ನಾಯಿಯೂ ತೇಕುತ್ತದೆ, ಆದರೆ ಬಿಸಿಲಿಗೆ ತೇಕುವ ನಾಯಿ ನೆರಳಿಗೆ ಹೋಗಿ ನೀರು ಕುಡಿದು ಮಲಗುತ್ತದೆ. ಕ್ಯಾಲ್ಸಿಯಂ ಇಳಿದ ನಾಯಿ ಕೂತಲ್ಲಿ ಕೂರುವುದಿಲ್ಲ. ಮುಖ ಸೆಳೆಯುತ್ತದೆ, ನಡಿಗೆ ಮರದ ಕಾಲಿನ ಹಾಗೆ ಬಿಗಿಯಾಗುತ್ತದೆ, ಮರಿ ಹತ್ತಿರ ಬಂದರೆ ಎದ್ದು ಹೋಗುತ್ತದೆ. ಅಷ್ಟು ಕಂಡರೆ ಮರಿಗಳನ್ನು ಬೇರೆ ಮಾಡಿ ತಕ್ಷಣ ಹೊರಡಿ, ಸೆಟೆಯುವವರೆಗೆ ಕಾಯಬೇಡಿ. ಮೊಲೆ ಬಿಸಿಯಾಗಿ ಕಲ್ಲಾದರೆ, ಕೆಟ್ಟ ವಾಸನೆಯ ದ್ರವ ಬಂದರೆ ಆ ದಿನವೇ ತೋರಿಸಿ. ವಾಸನೆ ಇಲ್ಲದ ಕೆಂಪು ಕಂದು ದ್ರವ ಮೂರು ವಾರ ಬಂದರೂ ಸಹಜ.

ಮರಿಗಳಿಗೆ 2 ವಾರಕ್ಕೆ ಮೊದಲ ಜಂತುಹುಳದ ಔಷಧಿ, ತಾಯಿಗೂ ಜೊತೆಯಲ್ಲೇ. ಹುಳ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ದಾಟಿರುತ್ತದೆ. 6ರಿಂದ 8 ವಾರದಲ್ಲಿ ಮೊದಲ ಲಸಿಕೆ. ಅಲ್ಲಿಯವರೆಗೆ ಮರಿ ನೋಡಲು ಬರುವ ಓಣಿಯ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬರಲಿ. ಪಾರ್ವೋ ಕಾಯಿಲೆಯ ವೈರಸ್ ಚಪ್ಪಲಿಯಲ್ಲೇ ಮನೆಗೆ ಬರುತ್ತದೆ.

ಮರಿ ಕೇಳುವವರಿಗೆ ತಿಂಗಳಿಗೆ ಕೊಡಬೇಡಿ. 8 ವಾರ ತಾಯಿ ಹತ್ತಿರ ಇರಲಿ. ಕಚ್ಚಿದರೆ ನೋವಾಗುತ್ತದೆ, ಎಷ್ಟು ಕಚ್ಚಬಹುದು ಅಂತ ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಆಡುತ್ತಲೇ. ಮೇ 12ಕ್ಕೆ ಹುಟ್ಟಿದರೆ ಜುಲೈ 7ಕ್ಕೆ 8 ವಾರ. ಅಷ್ಟೊತ್ತಿಗೆ ಮಳೆಗಾಲವೂ ಶುರುವಾಗಿ ಹವಾ ತಣ್ಣಗಾಗಿರುತ್ತದೆ. ಆ ದಿನ ಬಂದು ಕರೆದುಕೊಂಡು ಹೋಗಿ ಅಂತ ಈಗಲೇ ಹೇಳಿಬಿಡಿ.